ಮೊದಲು ದಾರಿ ಅಳೆದೆ, ಆಮೇಲೆ ಗಾಡಿ ತಗೊಂಡೆ

"ಗಾಡಿ ಆಮೇಲೆ ನೋಡೋಣ ಕಣ್ಲಾ, ದಾರಿ ಎಷ್ಟು ಅಗಲ ಇದೆ ಅಂತ ಅಳ್ದಿದ್ದೀಯಾ?" ಅಂತ ಚಿಕ್ಕಪ್ಪ ಕೇಳಿದಾಗ ನನ್ನ ಹತ್ರ ಉತ್ತರ ಇರ್ಲಿಲ್ಲ. ಎರಡು ವರ್ಷದಿಂದ ಫೋರ್ ವೀಲ್ ಗಾಡಿಗಳ ಬಗ್ಗೆ ಓದ್ತಿದ್ದೆ, ರಾತ್ರಿ ಮಲಗೋ ತನಕ ವಿಡಿಯೋ ನೋಡ್ತಿದ್ದೆ, ಯಾವುದಕ್ಕೆ ಎಷ್ಟು ಗ್ರೌಂಡ್ ಕ್ಲಿಯರೆನ್ಸ್, ಎಷ್ಟು ಟಾರ್ಕ್, ಎಷ್ಟು ಆಳದ ನೀರಲ್ಲಿ ದಾಟುತ್ತೆ ಎಲ್ಲಾ ಬಾಯಿಪಾಠ ಆಗಿತ್ತು, ಆದ್ರೆ ಆ ಗಾಡಿ ಓಡಾಡ್ಬೇಕಾಗಿರೋ ದಾರಿ ಎಷ್ಟು ಅಗಲ ಅಂತ ಒಂದ್ಸಲನೂ ಯೋಚಿಸಿರ್ಲಿಲ್ಲ. ಅವತ್ತು ಮಧ್ಯಾಹ್ನ ಊಟ ಆದ್ಮೇಲೆ ಅವರ ಮನೇಲಿದ್ದ ಐದು ಮೀಟರ್ ಟೇಪು ತಗೊಂಡು ಕಣದಿಂದ ಮೇಲಿನ ಗುಡ್ಡದ ತೋಟದ ತನಕ ನಡ್ಕೊಂಡು ಹೋದೆ. ಸಕಲೇಶಪುರದಿಂದ ಹೆತ್ತೂರು ಕಡೆ ಹೋಗೋರಿಗೆ ಈ ಥರದ ದಾರಿ ಗೊತ್ತಿರುತ್ತೆ, ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಮಳೆ ನೀರಿನ ಚರಂಡಿ, ಅದರಾಚೆ ಕಾಫಿ ಗಿಡ. ಅರ್ಧ ದಾರೀಲಿ ಒಂದು ಹಳೇ ಹಲಸಿನ ಮರ ಇದೆ, ಅದರ ಬೇರು ತಿರುವಿನೊಳಗೆ ಚಾಚ್ಕೊಂಡಿದೆ. ಅಲ್ಲಿ ಬಗ್ಗಿ ಬೇರಿನ ತುದಿಯಿಂದ ಚರಂಡಿ ಅಂಚಿಗೆ ಟೇಪು ಎಳೆದ್ರೆ 1 ಮೀಟರ್ 95 ಸೆಂಟಿಮೀಟರ್ ಬಂತು.

ಮನೆಗೆ ಬಂದು ಪಟ್ಟಿ ತೆಗೆದೆ. ನಾನು ಆಸೆ ಪಟ್ಕೊಂಡಿದ್ದ ಇಸುಜು ವಿ-ಕ್ರಾಸ್ ಪಿಕಪ್ ಅಗಲ 1860 ಮಿಲಿಮೀಟರ್, ಅಂದ್ರೆ ಆ ತಿರುವಲ್ಲಿ ಎರಡೂ ಪಕ್ಕ ಸೇರಿ ಉಳಿಯೋದು ಒಂಬತ್ತು ಸೆಂಟಿಮೀಟರ್. ಹೊಸ ಥಾರ್ 1820. ಜಿಮ್ನಿ 1645. ಹಳೇ ಜಿಪ್ಸಿ 1540.

ಎರಡು ವರ್ಷ ಮಾಡಿದ್ದ ಲೆಕ್ಕ ಎಲ್ಲ ಅವತ್ತು ರಾತ್ರಿ ಹೊಸದಾಗಿ ಮಾಡ್ಬೇಕಾಯ್ತು.

ನನ್ನ ಪರಿಸ್ಥಿತಿ ಮೊದಲು ಹೇಳ್ಬಿಡ್ತೀನಿ. ಹಾಸನದಲ್ಲಿ ಕೆಲಸ, ಬಾಡಿಗೆ ಮನೆ, ಗಾಡಿ ನಿಲ್ಸೋಕೆ ಒಂದೇ ಜಾಗ. ಹಾಗಾಗಿ ಗಾಡಿನೂ ಒಂದೇ. ಸೋಮವಾರದಿಂದ ಶನಿವಾರ ಅದು ಆಫೀಸಿಗೆ ಹೋಗ್ಬೇಕು, ಮಗಳನ್ನ ಸ್ಕೂಲಿಗೆ ಬಿಡ್ಬೇಕು, ಮಂಗಳವಾರ ಸಂತೆಯಿಂದ ತರಕಾರಿ ತರ್ಬೇಕು. ಭಾನುವಾರ ಬೆಳಿಗ್ಗೆ ಐದೂವರೆಗೆ ಅದೇ ಗಾಡಿ ಸಕಲೇಶಪುರನೋ ಮೂಡಿಗೆರೆನೋ ಚಿಕ್ಕಮಗಳೂರೋ ಕಡೆ ಹೊರಟು, ಹಗಲೆಲ್ಲಾ ಕೆಸರು ಕಲ್ಲು ಹಳ್ಳ ಎಲ್ಲಾ ನೋಡಿ, ಸಂಜೆ ತನ್ನ ಚಕ್ರದ ಮೇಲೆ ತಾನೇ ವಾಪಸ್ ಬರ್ಬೇಕು. ಬೆಂಗಳೂರಲ್ಲಿ ಕೆಲವರು ಟ್ರೇಲರ್ ಮೇಲೆ ಹೇರ್ಕೊಂಡು ಬಂದು ಓಡ್ಸಿ ಮತ್ತೆ ಹೇರ್ಕೊಂಡು ಹೋಗೋ ಥರ ಗಾಡಿ ಕಟ್ತಾರೆ, ಅದರ ಲೆಕ್ಕ ಬೇರೆ. ನನ್ನ ಲೆಕ್ಕದಲ್ಲಿ ಸೋಮವಾರ ಬೆಳಿಗ್ಗೆ ಎಂಟೂಮುಕ್ಕಾಲು ಅನ್ನೋದು ಯಾವ ಗುಡ್ಡಕ್ಕಿಂತಲೂ ದೊಡ್ಡ ಪರೀಕ್ಷೆ.

ಇನ್ನೊಂದು, ನಮ್ಮ ಕಡೆ ಆಫ್‌ರೋಡ್ ಅಂದ್ರೆ ಏನು ಅಂತ ಸರಿಯಾಗಿ ತಿಳ್ಕೊಳ್ದೆ ಗಾಡಿ ಆರಿಸೋಕೆ ಆಗಲ್ಲ. ವಿಡಿಯೋಗಳಲ್ಲಿ ಬರೋದು ಮರಳುಗಾಡು, ಅಗಲವಾದ ಬಂಡೆ ಬಯಲು, ಅಲ್ಲಿ ದೊಡ್ಡ ಗಾಡಿ, ದೊಡ್ಡ ಎಂಜಿನ್, ದೊಡ್ಡ ಟೈರ್ ಎಲ್ಲಾ ಕೆಲಸಕ್ಕೆ ಬರುತ್ತೆ. ಇಲ್ಲಿ ಇರೋದು ಜೂನ್‌ನಿಂದ ಅಕ್ಟೋಬರ್ ತನಕ ಬೆಣ್ಣೆ ಥರ ಜಾರೋ ಜೇಡಿ, ಡಿಸೆಂಬರ್ ಆದ್ಮೇಲೆ ಅದೇ ಜೇಡಿ ಗಟ್ಟಿಯಾಗಿ ಮೊಣಕಾಲುದ್ದ ಜಾಡು ಬಿದ್ದಿರೋ ದಾರಿ, ಮರದ ಬೇರು, ಇದ್ದಕ್ಕಿದ್ದಂಗೆ ಅಡ್ಡ ಬರೋ ಹಳ್ಳ, ಮತ್ತೆ ಎಲ್ಲಾ ಕಡೆ ಇಕ್ಕಟ್ಟು. ಗಂಟೆಗೆ ಎಂಟು ಹತ್ತು ಕಿಲೋಮೀಟರ್ ಮೇಲೆ ಯಾರೂ ಹೋಗಲ್ಲ. ಇಲ್ಲಿ 300 ನ್ಯೂಟನ್ ಮೀಟರ್ ಟಾರ್ಕ್ ಇದ್ರೂ ಅದನ್ನ ಇಳಿಸೋಕೆ ನೆಲ ಹಿಡಿತ ಕೊಡ್ಬೇಕಲ್ಲ, ಜೇಡಿ ಕೊಡಲ್ಲ.

ತೂಕದ ಪಾಠ ನನಗೆ ತೋಟದಲ್ಲಿ ಸಿಗ್ಲಿಲ್ಲ, ಶೆಟ್ಟಿಹಳ್ಳಿ ಹತ್ರ ಸಿಕ್ತು. ಗೊರೂರು ಡ್ಯಾಮಿನ ಹಿನ್ನೀರು ಇಳಿದಾಗ ಆ ಹಳೇ ಚರ್ಚಿನ ಸುತ್ತ ಬಯಲಾಗುತ್ತಲ್ಲ, ಏಪ್ರಿಲ್‌ನಲ್ಲಿ ಒಂದಿನ ಅಲ್ಲಿಗೆ ಸ್ನೇಹಿತನ ಪಿಕಪ್‌ನಲ್ಲಿ ಹೋಗಿದ್ವಿ. ಮೇಲ್ಗಡೆ ನೆಲ ಒಣಗಿ ಹಪ್ಪಳದ ಥರ ಬಿರುಕು ಬಿಟ್ಟಿತ್ತು, ನಡೆದ್ರೆ ಗಟ್ಟಿಯಾಗೇ ಇತ್ತು. ನೀರಿನ ಕಡೆ ಇನ್ನೊಂದು ನಲವತ್ತು ಅಡಿ ಹೋಗಿದ್ದೇ ತಡ ಮುಂದಿನ ಚಕ್ರದ ಕೆಳಗೆ ಆ ಪದರ ಚಟಚಟ ಅಂತ ಮುರಿದು, ಒಳಗಿಂದ ಕಪ್ಪು ಗೋಡು ಉಕ್ಕಿ ಬಂತು. ಎರಡು ಟನ್ ಹತ್ರದ ಗಾಡಿ, ಆಕ್ಸಿಲರೇಟರ್ ಒತ್ತಿದಷ್ಟೂ ಇಳೀತಾ ಹೋಯ್ತು, ಕೊನೆಗೆ ಆಕ್ಸಲ್ ನೆಲಕ್ಕೆ ಕೂತ್ಬಿಡ್ತು. ಟ್ರ್ಯಾಕ್ಟರ್ ಬರೋ ತನಕ ಮೂರು ಗಂಟೆ ಬಿಸಿಲಲ್ಲಿ ಕೂತಿದ್ವಿ. ಆ ಹೊತ್ತಲ್ಲೇ ಒಂದು ಹಳೇ ಜಿಪ್ಸಿ ನಮ್ಮಿಂದ ಸ್ವಲ್ಪ ಆಚೆ ಅದೇ ನೆಲದ ಮೇಲೆ ಆರಾಮಾಗಿ ಹೋಯ್ತು, ಬಂತು. ಅದು ಒಂದು ಟನ್‌ಗಿಂತ ಚೂರು ಕಮ್ಮಿ ಇರೋ ಗಾಡಿ. ನಾನು ಎದ್ದು ಹೋಗಿ ಅದರ ಟೈರ್ ಗುರುತು ನೋಡಿದೆ, ಬೆರಳಿನ ಒಂದು ಗೆಣ್ಣಿನಷ್ಟು ಇಳಿದಿತ್ತು ಅಷ್ಟೇ. ನಮ್ಮ ಗಾಡಿ ಇಳಿದಿದ್ದು ಮೊಣಕಾಲುದ್ದ.

ಹಾಗಂತ ಪಿಕಪ್ ಕೆಟ್ಟದ್ದು ಅಂತಲ್ಲ. ತೋಟ ಇರೋರಿಗೆ, ಕಾಫಿ ಮೂಟೆ, ಗೊಬ್ಬರ, ಪಂಪ್‌ಸೆಟ್ ಹೇರೋರಿಗೆ ಅದರ ಹಿಂದಿನ ಡೆಕ್ಕಿಗೆ ಸಮ ಬೇರೆ ಇಲ್ಲ, ಹೈವೇಲಿ ಕಾರ್ ಥರನೇ ಹೋಗುತ್ತೆ. ಆದ್ರೆ ಐದೂಕಾಲು ಮೀಟರ್‌ಗಿಂತ ಉದ್ದ, ಮುಂದಿನ ಹಿಂದಿನ ಚಕ್ರದ ನಡುವೆ ಮೂರು ಮೀಟರ್ ದಾಟಿ ಅಂತರ, ಅಂದ್ರೆ ದಿಬ್ಬದ ಮೇಲೆ ಹೊಟ್ಟೆ ತಗಲೋದು ಮೊದಲು ಅದಕ್ಕೇ, ತಿರುವಲ್ಲಿ ಎರಡು ಮೂರು ಸಲ ಹಿಂದೆ ಮುಂದೆ ಮಾಡ್ಬೇಕಾಗೋದೂ ಅದಕ್ಕೇ. ನಾನು ಹೇರೋದು ಭಾನುವಾರ ಒಂದು ಸ್ಟವ್, ಒಂದು ಚಾಪೆ, ಮೂರು ಜನ. ಅಷ್ಟಕ್ಕೆ ಅಷ್ಟು ದೊಡ್ಡ ಡೆಕ್ ಯಾಕೆ ಬೇಕು ಅಂತ ನನ್ನನ್ನೇ ಕೇಳ್ಕೊಂಡಾಗ ಆಸೆ ಬಿಟ್ರೆ ಬೇರೆ ಕಾರಣ ಸಿಗ್ಲಿಲ್ಲ.

ಉಳಿದವು ಒಂದೊಂದಾಗಿ ನೋಡ್ದೆ. ಫೋರ್ಸ್ ಕಂಪನಿಯ ಗೂರ್ಖಾ ನಿಜವಾಗ್ಲೂ ಗಟ್ಟಿಗ, ಮುಂದೆ ಹಿಂದೆ ಎರಡೂ ಕಡೆ ಡಿಫ್ ಲಾಕ್ (ಎಡ ಬಲ ಎರಡೂ ಚಕ್ರ ಒಟ್ಟಿಗೇ ತಿರುಗೋ ಹಾಗೆ ಮಾಡೋ ಬೀಗ) ಕಂಪನಿಯಿಂದಲೇ ಬರುತ್ತೆ, ನೀರಿನ ಮೇಲಿಂದ ಎಂಜಿನ್ನಿಗೆ ಗಾಳಿ ಎಳ್ಕೊಳ್ಳೋ ಕೊಳವೆ, ಸ್ನಾರ್ಕೆಲ್ ಅಂತಾರೆ, ಅದನ್ನೂ ಹಾಕಿಯೇ ಕೊಡ್ತಾರೆ, ಬೇರೆ ಗಾಡಿಗೆ ಇದನ್ನೆಲ್ಲಾ ಸೇರಿಸೋಕೆ ಹೋದ್ರೆ ಲಕ್ಷಗಟ್ಲೆ ಬೇಕು. ಅದರ ಎತ್ತರ, ತೂಕ, ಬೆಲೆ ಮೂರೂ ನನ್ನ ಕೈಗೆ ಮೀರಿದ್ದು. ಥಾರ್ 2020ರಲ್ಲಿ ಹೊಸ ರೂಪದಲ್ಲಿ ಬಂದಾಗಿಂದ ನಮ್ಮೂರ ರಸ್ತೆ ತುಂಬ ಅದೇ, ಒಂದೇ ಗಾಡೀಲಿ ಆಫೀಸು ಗುಡ್ಡ ಎರಡೂ ಆಗ್ಬೇಕು, ಎಸಿನೂ ಬೇಕು, ಸರ್ವಿಸ್ ಸೆಂಟರೂ ಹತ್ರ ಇರ್ಬೇಕು ಅನ್ನೋರಿಗೆ ನಾನು ಇವತ್ತಿಗೂ ಅದನ್ನೇ ಹೇಳ್ತೀನಿ, ಏನೂ ಬದಲಾಯಿಸ್ದೆ ಶೋರೂಂನಿಂದ ತಂದ ಹಾಗೇ ನಮ್ಮ ಕಡೆಯ ನೂರಕ್ಕೆ ತೊಂಬತ್ತು ದಾರಿ ಹತ್ತುತ್ತೆ. ಜಿಮ್ನಿ 2023ರಲ್ಲಿ ಬಂತು, ಇಕ್ಕಟ್ಟಿನ ದಾರಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ, ಏಣಿ ಥರದ ಗಟ್ಟಿ ಲ್ಯಾಡರ್ ಚಾಸಿ, ನಿಧಾನಕ್ಕೆ ಹೆಚ್ಚು ಬಲದಿಂದ ಎಳೆಯೋ ಲೋ ಗೇರ್, 1.2 ಟನ್ ತೂಕ, ಒಂದು ಚಕ್ರ ಗಾಳೀಲಿ ತಿರುಗಿದ್ರೆ ಅದಕ್ಕೆ ತಾನೇ ಬ್ರೇಕ್ ಹಿಡಿದು ನೆಲದ ಮೇಲಿರೋ ಚಕ್ರಕ್ಕೆ ಶಕ್ತಿ ಕಳ್ಸೋ ವ್ಯವಸ್ಥೆ. ದುಡ್ಡಿದ್ದಿದ್ರೆ ನಾನು ಅದನ್ನೇ ತಗೋತಿದ್ದೆ, ಸುಳ್ಳು ಹೇಳಲ್ಲ.

ದುಡ್ಡು ಇಷ್ಟೇ ಅಂತ ಆದ್ಮೇಲೆ ಉಳಿದಿದ್ದು ಹಳೇ ಜೀಪು ಇಲ್ಲಾ ಹಳೇ ಜಿಪ್ಸಿ.

ಹಳೇ ಜೀಪು ಅಂದ್ರೆ ನನಗೆ ಚಿಕ್ಕಪ್ಪನ ಮಹೀಂದ್ರಾ ಎಂಎಂ 540. ಪ್ಯೂಜೋ ಮೂಲದ 2.1 ಲೀಟರ್ ಡೀಸೆಲ್ ಎಂಜಿನ್, ಬೆಳಿಗ್ಗೆ ಹೀಟರ್ ಒತ್ತಿ ಇಪ್ಪತ್ತು ಎಣಿಸಿ ಸ್ಟಾರ್ಟ್ ಮಾಡ್ಬೇಕು. ನಾನು ಹೈಸ್ಕೂಲಲ್ಲಿದ್ದಾಗ ಮಳೆಗಾಲ ಶುರುವಾದ್ರೆ ಅವರು ಗೋಣಿಚೀಲದಿಂದ ಕಬ್ಬಿಣದ ಚೈನ್ ತೆಗೆದು ಹಿಂದಿನ ಎರಡು ಚಕ್ರಕ್ಕೆ ಕಟ್ಟೋರು. ಏಣಿ ಥರ ಇರುತ್ತೆ ಆ ಚೈನು, ಎರಡು ಉದ್ದ ಸರಪಳಿ, ನಡುವೆ ಅಡ್ಡಡ್ಡ ತುಂಡು. ನೆಲದ ಮೇಲೆ ಹಾಸಿ, ಜೀಪು ಅದರ ಮೇಲೆ ಹತ್ತಿಸಿ, ಎರಡು ತುದೀನೂ ಮೇಲೆ ಎಳ್ದು ಕೊಂಡಿ ಹಾಕೋದು, ಆಮೇಲೆ ಸ್ವಲ್ಪ ಮುಂದೆ ಹೋಗಿ ಇಳಿದು ಮತ್ತೆ ಬಿಗಿ ಮಾಡೋದು. ಹಾಗೆ ಕಟ್ಟಿದ ಜೀಪು ಟೈರ್ ಅರ್ಧಕ್ಕರ್ಧ ಸವೆದಿದ್ರೂ ಜೇಡಿ ಏರನ್ನ ಟರ್ರ್ ಅಂತ ಕಚ್ಕೊಂಡು ಹತ್ತೋದು. ಅತ್ತಿಗುಂಡಿಯಿಂದ ಝರಿ ಫಾಲ್ಸ್‌ಗೆ ಜನ ಕರ್ಕೊಂಡು ಹೋಗೋ ಜೀಪಿನವರು ಆ ಕಲ್ಲು ದಾರೀಲಿ ದಿನಕ್ಕೆ ಎಷ್ಟು ಸಲ ಹೋಗಿ ಬರ್ತಾರೆ ನೋಡಿ, ಗಾಡಿಗಿಂತ ಹೆಚ್ಚಾಗಿ ಯಾವ ಕಲ್ಲಿನ ಮೇಲೆ ಯಾವ ಚಕ್ರ ಇಡ್ಬೇಕು ಅನ್ನೋದು ಅವರ ಕೈಕಾಲಿಗೆ ಗೊತ್ತಿರೋದೇ ಕೆಲಸ ಮಾಡುತ್ತೆ. ಅವರ ಪಕ್ಕದ ಸೀಟಲ್ಲಿ ಕೂತು ಒಂದ್ಸಲ ಹೋಗಿ ಬನ್ನಿ, ಕಣ್ಣಿಟ್ಟು ನೋಡಿ, ಯಾವ ಟ್ರೈನಿಂಗ್‌ಗೂ ಕಮ್ಮಿ ಇಲ್ಲ.

ಆ ಪ್ರೀತಿಗೆ ಒಂದು ಜೀಪಿಗೆ ಅಡ್ವಾನ್ಸ್ ಕೊಟ್ಟೆ. ಯಾವ ಊರು, ಯಾರು ಅಂತ ಬೇಡ. ಮಿಲಿಟರಿ ಡಿಸ್ಪೋಸಲ್ ಅಂದ್ರು, ಪೇಂಟು ಹೊಸದು, ಸೀಟು ಹೊಸದು, ಬೆಲೆನೂ ಕಮ್ಮಿ. ಹತ್ತು ಸಾವಿರ ಕೈಗಿಟ್ಟು ಬಂದು ಮಾರನೇ ದಿನ ನಮ್ಮ ಗ್ಯಾರೇಜ್ ಮೇಸ್ತ್ರಿನ ಕರ್ಕೊಂಡು ಹೋದೆ. ಅವರು ಎಂಜಿನ್ ಕಡೆ ತಿರುಗಿನೂ ನೋಡ್ಲಿಲ್ಲ. ಜೇಬಿಂದ ಒಂದು ಪೆನ್ಸಿಲು, ಒಂದು ತೆಳು ಹಾಳೆ ತೆಗೆದ್ರು, ಚಾಸಿ ನಂಬರ್ ಇರೋ ಜಾಗ ಬಟ್ಟೇಲಿ ಒರೆಸಿ, ಹಾಳೆ ಒತ್ತಿ ಹಿಡಿದು, ಪೆನ್ಸಿಲು ಅಡ್ಡ ಮಾಡಿ ಉಜ್ಜಿದ್ರು, ಆರ್‌ಟಿಓದಲ್ಲಿ ಪ್ರಿಂಟ್ ತೆಗೀತಾರಲ್ಲ ಹಾಗೆ. ಹಾಳೆ ಬೆಳಕಿಗೆ ಹಿಡಿದು ನನಗೆ ತೋರಿಸಿದ್ರು. ಮೊದಲ ನಾಲ್ಕು ಅಂಕಿ ಒಂದೇ ಸಾಲಲ್ಲಿತ್ತು, ಐದನೇದು ಕೂದಲೆಳೆಯಷ್ಟು ಮೇಲೆ, ಆರನೇದರ ಅಚ್ಚೇ ಬೇರೆ, ಅಂಕಿಗಳ ಸುತ್ತ ಗ್ರೈಂಡರ್ ಓಡಿದ ಸಣ್ಣ ಸಣ್ಣ ಗೀರು. "ಸರ್, ಇದು ಇನ್ನೊಂದು ಗಾಡಿದು ಕಾಗದ, ಇನ್ನೊಂದು ಗಾಡಿದು ಚಾಸಿ. ಬಿಡಿ ಹೋಗೋಣ" ಅಂದ್ರು ಮೆಲ್ಲಗೆ. ಅಡ್ವಾನ್ಸ್ ವಾಪಸ್ ಬರ್ಲಿಲ್ಲ. ತುಂಬಾ ಬೇಜಾರಾಯ್ತು, ಆದ್ರೆ ಆ ಗಾಡಿ ಮನೆಗೆ ಬಂದು, ಆಮೇಲೆ ಒಂದಿನ ಚೆಕ್‌ಪೋಸ್ಟಲ್ಲಿ ಹಿಡಿದಿದ್ರೆ ನನ್ನ ಗತಿ ಏನಾಗ್ತಿತ್ತು ಅಂತ ನೆನೆಸ್ಕೊಂಡ್ರೆ ಈಗಲೂ ಎದೆ ಝಲ್ಲನ್ನುತ್ತೆ. ಹಳೇ ಗಾಡಿ ನೋಡೋಕೆ ಹೋಗೋರು ದಯವಿಟ್ಟು ಮೊದಲು ಪೆನ್ಸಿಲು ತಗೊಂಡು ಹೋಗಿ. ದೆಹಲಿ ಕಡೆಯಿಂದ ಅಗ್ಗಕ್ಕೆ ಬರೋ ಗಾಡಿಗಳ ಬಗ್ಗೆನೂ ಅಷ್ಟೇ, ಅಲ್ಲಿ ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ಅಂತ ಮಿತಿ ಬಂದಿದ್ರಿಂದ ಅವು ಅಗ್ಗ, ಎನ್‌ಓಸಿ ಸರಿಯಿದ್ಯಾ, ಇಲ್ಲಿ ಲೈಫ್ ಟ್ಯಾಕ್ಸ್ ಎಷ್ಟು ಕಟ್ಟಬೇಕಾಗುತ್ತೆ ಅಂತ ಸೇರಿಸಿ ಲೆಕ್ಕ ಹಾಕಿದ್ರೆ ಅಗ್ಗ ಅನ್ನೋದು ಉಳಿಯಲ್ಲ ಎಷ್ಟೋ ಸಲ.

ಜಿಪ್ಸಿ ಸಿಕ್ಕಿದ್ದು ಚಿಕ್ಕಮಗಳೂರಲ್ಲಿ, ಆಲ್ದೂರು ರಸ್ತೆ ಕಡೆ ಒಬ್ಬ ಪ್ಲಾಂಟರ್ ಮನೇಲಿ. 2012ರ ಮಾಡೆಲ್, ಸಾಫ್ಟ್ ಟಾಪ್, ಬಿಳಿ ಬಣ್ಣ. ಜಿಪ್ಸಿ ಭಾರತಕ್ಕೆ ಬಂದಿದ್ದು 1985ರಲ್ಲಿ, ಆಗ ಒಂದು ಲೀಟರ್‌ಗೂ ಕಮ್ಮಿ ಎಂಜಿನ್ನು, ಆಮೇಲೆ 1.3 ಲೀಟರಿನ ಕಿಂಗ್, ಆಮೇಲೆ ಅದಕ್ಕೇ ಕಾರ್ಬುರೇಟರ್ ಬದಲು ಪೆಟ್ರೋಲ್ ಚಿಮ್ಮಿಸೋ ಎಂಪಿಎಫ್‌ಐ ಬಂದು 80 ಬಿಎಚ್‌ಪಿ ಆಯ್ತು, 2019ರ ಹೊತ್ತಿಗೆ ತಯಾರಿಕೆನೇ ನಿಂತೋಯ್ತು. ನಿಂತೋದ ಗಾಡಿ ತಗೋತಿದ್ದೀಯಲ್ಲ ಅಂತ ಆಫೀಸಲ್ಲಿ ಎಲ್ಲರೂ ಕೇಳಿದ್ರು. ಮೂವತ್ತು ವರ್ಷಕ್ಕೂ ಹೆಚ್ಚು ಓಡಿದ ಗಾಡಿಗೆ ಹಾಸನದಲ್ಲಿ ಸಿಗದ ಸಾಮಾನು ಇಲ್ಲ, ಗೊತ್ತಿಲ್ಲದ ಮೇಸ್ತ್ರಿ ಇಲ್ಲ, ಇದೇ ನನ್ನ ಉತ್ತರ. ಭಾನುವಾರ ರಾತ್ರಿ ಏನಾದ್ರೂ ಮುರಿದ್ರೆ ಸೋಮವಾರ ಹತ್ತು ಗಂಟೆಗೆ ಅಂಗಡೀಲಿ ಆ ಪಾರ್ಟ್ ಇರ್ಬೇಕು. ಎಷ್ಟೇ ಒಳ್ಳೇ ಗಾಡಿ ಆಗ್ಲಿ, ಒಂದು ಬೇರಿಂಗ್‌ಗೆ ಎರಡು ವಾರ ಕಾಯ್ಬೇಕು ಅಂದ್ರೆ ಅದು ನನ್ನಂಥ ಒಂದೇ ಗಾಡಿ ಇರೋರಿಗೆ ಆಗ್ಬರಲ್ಲ.

ಈ ಸಲ ನಾನೇ ಪೆನ್ಸಿಲು ತಗೊಂಡು ಹೋಗಿದ್ದೆ. ಮೇಸ್ತ್ರಿ ಸ್ಕ್ರೂಡ್ರೈವರ್ ತಂದಿದ್ರು. ಗಾಡಿ ಕೆಳಗೆ ಗೋಣಿಚೀಲ ಹಾಸಿ ಅಂಗಾತ ಮಲಗಿ, ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿ ಉದ್ದಕ್ಕೂ ಟಕ್ ಟಕ್ ಅಂತ ಬಡೀತಾ ಹೋದ್ರು, ಒಳ್ಳೇ ಕಬ್ಬಿಣ ಗಂಟೆ ಥರ ಸದ್ದು ಕೊಡುತ್ತೆ, ತುಕ್ಕು ತಿಂದಿದ್ರೆ ರಟ್ಟಿಗೆ ಬಡಿದ ಹಾಗೆ ಡಬ್ ಅನ್ನುತ್ತೆ. ಹಿಂದಿನ ಬಾಡಿ ಮೌಂಟ್ ಹತ್ರ ಎಡಗಡೆ ಡಬ್ ಅಂತು. ತುದಿಯಿಂದ ಚುಚ್ಚಿದ್ರೆ ಕೆಂಪು ಪುಡಿ ಉದುರಿ ಅವರ ಕನ್ನಡಕದ ಮೇಲೆ ಬಿತ್ತು. ಅಂಗೈ ಅಗಲ ಜಾಗ ಅಷ್ಟೇ, ಉಳಿದಿದ್ದೆಲ್ಲಾ ಗಟ್ಟಿ. ಆ ಅಂಗೈ ಅಗಲದ ತುಕ್ಕಿಗೆ ಹದಿನೈದು ಸಾವಿರ ಇಳಿಸ್ಕೊಂಡು ಮಾತು ಮುಗಿಸಿದ್ವಿ. ಗಾಡಿ ಮನೆಗೆ ಬಂದಾಗ ನಮ್ಮನೆಯವಳು ಸುತ್ತ ಒಂದು ರೌಂಡ್ ಬಂದು "ರೀ, ಇದಕ್ಕೆ ಎಸಿ ಇಲ್ಲ, ಪವರ್ ಸ್ಟೇರಿಂಗ್ ಇಲ್ಲ, ಹಿಂದೆ ಕೂತ್ಕೊಳ್ಳೋರು ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂರ್ಬೇಕಲ್ಲ" ಅಂದ್ಲು. ಮಗಳಿಗೆ ಮಾತ್ರ ಆ ಎದುರು ಬದುರು ಸೀಟೇ ಇಷ್ಟ ಆಗಿದ್ದು.

ಈಗ ಕಟ್ಟೋ ವಿಷಯ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ಯಾಕಂದ್ರೆ ನನ್ನ ಸುತ್ತ ಎಷ್ಟೋ ಜನ ಹುಡುಗ್ರು ಗಾಡಿ ತಂದ ಮೊದಲ ವಾರವೇ ಲಿಫ್ಟ್ ಕಿಟ್, ದಪ್ಪ ಟೈರು, ಲೈಟು, ಬಂಪರ್ ಅಂತ ಎರಡು ಲಕ್ಷ ಸುರೀತಾರೆ, ಬ್ರೇಕ್ ಲೈನರ್ ಮಾತ್ರ ಹಳೇದೇ ಇರುತ್ತೆ. ನಾನು ಮೊದಲ ಆರು ತಿಂಗಳು ಕಣ್ಣಿಗೆ ಕಾಣೋ ಒಂದು ಸಾಮಾನೂ ಹಾಕ್ಲಿಲ್ಲ. ಬ್ರೇಕ್ ಪೂರ್ತಿ ಹೊಸದು, ವೀಲ್ ಬೇರಿಂಗು, ಎಲ್ಲಾ ಆಯಿಲ್ ಸೀಲು, ಪ್ಲೇಟಿನ ಬುಷ್ಷು, ರೇಡಿಯೇಟರ್ ಹೋಸು. ಅರವತ್ತು ದಾಟಿದ್ರೆ ಸ್ಟೇರಿಂಗ್ ಗಡಗಡ ಅಂತ ಅದುರ್ತಿತ್ತು, ಬ್ಯಾಲೆನ್ಸಿಂಗ್ ಮಾಡ್ಸಿದ್ರೂ ಹೋಗ್ಲಿಲ್ಲ, ಕೊನೆಗೆ ನೋಡಿದ್ರೆ ಮುಂದಿನ ಕಿಂಗ್‌ಪಿನ್ ಬೇರಿಂಗ್ ಸವೆದಿತ್ತು, ಅದು ಹಾಕಿದ್ಮೇಲೆ ಹೈವೇಲಿ ಎಂಬತ್ತಕ್ಕೂ ಒಂದೇ ಕೈಲಿ ಹಿಡೀಬಹುದು. ಈ ಒಂದು ರಿಪೇರಿಯಿಂದ ಸಿಕ್ಕಿದ ನೆಮ್ಮದಿ ಯಾವ ಆಕ್ಸೆಸರಿಯಿಂದಲೂ ಸಿಕ್ಕಿಲ್ಲ.

ಆಮೇಲೆ ಟೈರು. ಇದರಲ್ಲಿ ಒಂದು ವಿಷಯ ತಲೇಲಿ ಇಟ್ಕೊಳ್ಳಿ, ಜಿಪ್ಸಿ, ಜೀಪಿನಂಥ ಗಾಡೀಲಿ ಎಲ್ಲಕ್ಕಿಂತ ಕೆಳಗಿರೋದು ಆಕ್ಸಲ್ ನಡುವಿನ ಆ ಗುಂಡನೆಯ ಡಿಫ್ ಹೌಸಿಂಗ್ (ಎಂಜಿನ್ ಶಕ್ತಿನ ಎರಡು ಚಕ್ರಕ್ಕೂ ಹಂಚೋ ಗೇರ್‌ಗಳ ಡಬ್ಬ), ಲಿಫ್ಟ್ ಕಿಟ್ ಹಾಕಿದ್ರೆ ಬಾಡಿ ಮೇಲೆ ಹೋಗುತ್ತೆ, ಡಿಫ್ ಇದ್ದಲ್ಲೇ ಇರುತ್ತೆ. ಅದನ್ನ ಮೇಲೆತ್ತೋದು ಟೈರ್ ಒಂದೇ. ಕಂಪನಿ ಟೈರ್ 205/70 ಆರ್15, ಅದರ ಎತ್ತರ 668 ಮಿಲಿಮೀಟರ್. ಎಲ್ಲರೂ ಹಾಕೋ 235/75 ಹಾಕಿದ್ರೆ ಎತ್ತರ 733 ಆಗುತ್ತೆ, ಅದರಲ್ಲಿ ಅರ್ಧ, ಅಂದ್ರೆ ಸುಮಾರು 33 ಮಿಲಿಮೀಟರ್, ಡಿಫ್ ಮೇಲೆ ಬರುತ್ತೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಟೈರ್ ಹತ್ತು ಪರ್ಸೆಂಟ್ ದೊಡ್ಡದಾದ್ರೆ ಗೇರ್ ಎಲ್ಲಾ ಹತ್ತು ಪರ್ಸೆಂಟ್ ಎತ್ತರ ಆದ ಹಾಗೆ, ಅಂದ್ರೆ ಎಳೆಯೋ ಬಲ ಅಷ್ಟು ಕಮ್ಮಿ, ಈ ಸಣ್ಣ ಎಂಜಿನ್ನಿಗೆ ಶಕ್ತಿ ಬರೋದೇ ಮೇಲಿನ ಆರ್‌ಪಿಎಂನಲ್ಲಿ, ಜೊತೆಗೆ ಜಿಪ್ಸಿಯ ಲೋ ಗೇರ್ ಮೊದಲೇ ಅಷ್ಟೇನೂ ಆಳ ಇಲ್ಲ, ಹೈಗಿಂತ 1.6 ಪಟ್ಟು ಅಷ್ಟೇ. ದೊಡ್ಡ ಟೈರ್ ಹಾಕಿ ಕಲ್ಲು ಏರಲ್ಲಿ ಕ್ಲಚ್ ಒತ್ತಿ ಒತ್ತಿ ಸುಟ್ಟ ವಾಸನೆ ಬರ್ಸೋರನ್ನ ತುಂಬಾ ನೋಡಿದ್ದೀನಿ. ಸ್ಪೀಡೋಮೀಟರ್ 60 ತೋರಿಸುವಾಗ ನಿಜಕ್ಕೂ 66ರಲ್ಲಿ ಹೋಗ್ತಿರ್ತೀರ. ನಾನು 215/75 ಆರ್15, ಆಲ್ ಟೆರೇನ್ ತಗೊಂಡೆ. ಡಿಫ್‌ಗೆ ಸಿಕ್ಕಿದ್ದು 18 ಮಿಲಿಮೀಟರ್, ಗೇರ್ ಮೇಲೆ ಬಿದ್ದಿದ್ದು ಐದು ಪರ್ಸೆಂಟ್ ಭಾರ, ಲಿಫ್ಟ್ ಇಲ್ದೆ ಎಲ್ಲೂ ತಗಲ್ದೆ ಕೂತ್ಕೊಂಡ್ತು. ಮಡ್ ಟೆರೇನ್ ಟೈರ್ ಜೇಡೀಲಿ ಇದಕ್ಕಿಂತ ಚೆನ್ನಾಗಿರುತ್ತೆ, ಅದರ ದಪ್ಪ ಗೆಣ್ಣುಗಳ ಮಧ್ಯದಿಂದ ಕೆಸರು ಸಿಡಿದು ಹೋಗುತ್ತೆ, ನಂದರಲ್ಲಿ ಮೆತ್ಕೊಂಡು ಚಕ್ರ ನುಣ್ಣಗಾಗುತ್ತೆ. ಆದ್ರೆ ಭಾನುವಾರ ಓಡೋ ನೂರೈವತ್ತು ಕಿಲೋಮೀಟರಲ್ಲಿ ಕೆಸರು ಇರೋದು ಹತ್ತೋ ಹನ್ನೆರಡೋ, ಉಳಿದಿದ್ದು ಮಳೆಯಲ್ಲಿ ನೆಂದ ಡಾಂಬರು, ಅಲ್ಲಿ ಆ ದಪ್ಪ ಗೆಣ್ಣಿನ ಟೈರ್ ಬ್ರೇಕ್ ಹಿಡಿಯೋದು ಕಮ್ಮಿ.

ಟೈರ್‌ಗಿಂತ ದೊಡ್ಡ ವ್ಯತ್ಯಾಸ ಕೊಟ್ಟಿದ್ದು ಗಾಳಿ. ತೋಟದ ಗೇಟ್ ಹತ್ರ ನಿಲ್ಸಿ 26 ಪಿಎಸ್‌ಐ ಇರೋದನ್ನ 16ಕ್ಕೆ ಇಳಿಸ್ತೀನಿ. ವಾಲ್ವಿಂದ ಸುಯ್ ಅಂತ ಹೋಗ್ತಿದ್ದ ಹಾಗೆ ಟೈರಿನ ಕೆಳಗಿನ ಭಾಗ ಮೆಲ್ಲಗೆ ಹೊಟ್ಟೆ ಬಿಡುತ್ತೆ, ನೆಲಕ್ಕೆ ತಾಗೋ ಜಾಗ ಉದ್ದ ಆಗುತ್ತೆ, ಬೇರಿನ ಮೇಲೆ ಹತ್ತುವಾಗ ರಬ್ಬರ್ ಅದನ್ನ ಸುತ್ತಿ ಹಿಡ್ಕೊಳ್ಳೋದು ಬಗ್ಗಿ ನೋಡಿದ್ರೆ ಕಾಣುತ್ತೆ. ಮೊದಲು ಮೂರು ಸಲ ಜಾರಿ ವಾಪಸ್ ಬಂದಿದ್ದ ಏರನ್ನ ಗಾಳಿ ಇಳಿಸಿ ಒಂದೇ ಸಲಕ್ಕೆ ಹತ್ತಿಸಿದೆ, ಒಂದು ಪೈಸೆ ಖರ್ಚಿಲ್ಲ. ಡಾಂಬರಿಗೆ ಬರೋ ಮುಂಚೆ ತುಂಬಿಸೋಕೆ ಬ್ಯಾಟರಿಗೆ ಹಾಕೋ ಸಣ್ಣ ಕಂಪ್ರೆಸರ್ ಸಾಕು, ತುಂಬಿಸದೇ ಮಾತ್ರ ರಸ್ತೆಗೆ ಇಳೀಬೇಡಿ.

ಹಳ್ಳ ದಾಟೋದರಲ್ಲಿ ಒಂದು ತಪ್ಪು ಮಾಡ್ದೆ. ದೇವರಮನೆ ಕಡೆಯಿಂದ ಬರುವಾಗ ಒಂದು ಹಳ್ಳದಲ್ಲಿ ನೀರು ಹಬ್ ತನಕ ಇತ್ತು, ದಾಟಿದ್ವಿ, ಏನೂ ಆಗ್ಲಿಲ್ಲ ಅಂತ ಖುಷೀಲಿ ಮನೆಗೆ ಬಂದ್ವಿ. ಎರಡು ವಾರ ಆದ್ಮೇಲೆ ಮೇಸ್ತ್ರಿ ಹಿಂದಿನ ಡಿಫ್ ಪ್ಲಗ್ ಬಿಚ್ಚಿದ್ರೆ ಹಾಲು ಬೆರೆಸಿದ ಕಾಫಿ ಬಣ್ಣದ ಆಯಿಲ್ ಬಂತು. ಓಡಿ ಓಡಿ ಬಿಸಿಯಾಗಿರೋ ಹೌಸಿಂಗ್ ತಣ್ಣೀರಿಗೆ ಇಳಿದ್ರೆ ಒಳಗಿನ ಗಾಳಿ ಕುಗ್ಗುತ್ತೆ, ಗಾಳಿ ಆಡೋಕೆ ಅಂತ ಇರೋ ಸಣ್ಣ ತೂತು, ಅಂದ್ರೆ ಬ್ರೀದರ್, ಕಟ್ಕೊಂಡಿದ್ರೆ ಇಲ್ಲಾ ನೀರೊಳಗೆ ಮುಳುಗಿದ್ರೆ ಸೀಲ್ ಸಂದಿಯಿಂದ ನೀರನ್ನೇ ಒಳಗೆ ಎಳ್ಕೊಳ್ಳುತ್ತೆ. ಈಗ ಎರಡೂ ಆಕ್ಸಲ್ ಬ್ರೀದರ್‌ಗೆ ಉದ್ದ ಹೋಸ್ ಹಾಕಿ ಬಾನೆಟ್ ಒಳಗೆ ಮೇಲಕ್ಕೆ ತಂದು ಕಟ್ಟಿದ್ದೀವಿ, ಇನ್ನೂರೈವತ್ತು ರೂಪಾಯಿ ಕೆಲಸ. ಹಳ್ಳ ಇದ್ರೆ ಹತ್ತು ನಿಮಿಷ ನಿಂತು ಗಾಡಿ ಆರಲಿ ಅಂತ ಬಿಡ್ತೀನಿ, ಕೋಲು ಹಾಕಿ ಆಳ ನೋಡ್ತೀನಿ, ದಾಟಿದ್ಮೇಲೆ ಬ್ರೇಕನ್ನ ಮೆಲ್ಲಗೆ ಒತ್ಕೊಂಡು ಸ್ವಲ್ಪ ದೂರ ಹೋಗಿ ಡ್ರಮ್ ಒಣಗಿಸ್ತೀನಿ.

ಎಳೆಯೋ ಹುಕ್ಕು ಮುಂದೆ ಹಿಂದೆ ಚಾಸಿಗೆ ಬೋಲ್ಟ್ ಹಾಕಿ, ಒಳಗಡೆ ದಪ್ಪ ಪ್ಲೇಟ್ ಕೊಟ್ಟು ಕೂರಿಸಿದ್ದು. ಬಂಪರ್‌ಗೆ ವೆಲ್ಡ್ ಮಾಡಿದ ಹುಕ್ಕಿಗೋ ಟ್ರೇಲರ್ ಬಾಲ್‌ಗೋ ಹಗ್ಗ ಹಾಕಿ ಎಳೆಯೋರನ್ನ ಕಂಡ್ರೆ ನಾನು ಜಗಳ ಆಡಾದ್ರೂ ನಿಲ್ಲಿಸ್ತೀನಿ, ಅದು ಕಿತ್ಕೊಂಡು ಬಂದ್ರೆ ಗುಂಡಿನ ಹಾಗೆ ಬರುತ್ತೆ, ಎದುರಿಗೆ ನಿಂತೋನ ಜೀವ ಹೋಗುತ್ತೆ. ಎಳೆಯುವಾಗ ಮಕ್ಕಳು ಹತ್ರ ಇರಲೇಬಾರ್ದು.

ಮಾಡದೇ ಬಿಟ್ಟಿದ್ದೂ ಹೇಳ್ಬೇಕು. ಬುಲ್ ಬಾರ್ ಹಾಕ್ಲಿಲ್ಲ, 2017ರ ಡಿಸೆಂಬರಲ್ಲೇ ಕೇಂದ್ರ ಸಾರಿಗೆ ಇಲಾಖೆ ಅವು ಬೇಡ ಅಂತ ರಾಜ್ಯಗಳಿಗೆ ಬರೆದಿದೆ, ನಡ್ಕೊಂಡು ಹೋಗೋರಿಗೆ ಅಪಾಯ ಅನ್ನೋದೇ ಕಾರಣ, ಸರಿಯಾದ ಕಾರಣನೇ. ದೊಡ್ಡ ಎಂಜಿನ್ ಹಾಕ್ಸು ಅಂತ ಹೇಳಿದೋರು ಬಹಳ ಜನ, ಅದನ್ನೂ ಮಾಡ್ಲಿಲ್ಲ. ಮೋಟಾರ್ ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಾಡು ಮಾಡೋ ಹಾಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು, ಅದೇ ವರ್ಷದ ತಿದ್ದುಪಡೀಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು ಅಂತ ಬಂತು. ದಂಡಕ್ಕಿಂತ ನನಗೆ ಹೆದರಿಕೆ ಇನ್ಶೂರೆನ್ಸಿಂದು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕ್ಲೇಮ್ ನಿಲ್ಬೇಕಲ್ಲ. 2027ಕ್ಕೆ ನನ್ನ ಗಾಡಿಗೆ 15 ವರ್ಷ ತುಂಬುತ್ತೆ, ಎಫ್‌ಸಿ ಮಾಡ್ಸಿ ಆರ್‌ಸಿ ರಿನ್ಯೂ ಮಾಡ್ಸಬೇಕು, ಅವತ್ತು ಇನ್‌ಸ್ಪೆಕ್ಟರ್ ಮುಂದೆ ಯಾವುದನ್ನೂ ಬಿಚ್ಚಿಟ್ಟು ಹೋಗೋ ಪರಿಸ್ಥಿತಿ ಬರ್ಬಾರ್ದು ಅಂತ ಮೊದಲ ದಿನವೇ ಅಂದ್ಕೊಂಡಿದ್ದೆ. ಲಿಫ್ಟ್ ಬೇಡ ಅಂದಿದ್ದಕ್ಕೆ ಇನ್ನೊಂದು ಕಾರಣನೂ ಇದೆ, ಜಿಪ್ಸಿ ಅಗಲ ಕಮ್ಮಿ ಇರೋ ಗಾಡಿ, ಎತ್ತರ ಮಾಡಿದಷ್ಟೂ ಪಕ್ಕ ವಾಲಿದ್ರೆ ಉರುಳೋ ಭಯ ಜಾಸ್ತಿ, ನಮ್ಮ ದಾರಿಗಳೋ ಒಂದು ಕಡೆ ಯಾವಾಗಲೂ ವಾಲೇ ಇರುತ್ತೆ.

ಎಲ್ಲಿಗೆ ಹೋಗ್ತೀವಿ ಅನ್ನೋದೂ ಗಾಡಿ ಆರಿಸೋದರ ಒಂದು ಭಾಗವೇ. ನಾವು ಹೋಗೋದು ಗೊತ್ತಿರೋರ ತೋಟದ ದಾರಿ, ಪಂಚಾಯ್ತಿ ದಾರಿ, ಹಳೇ ಗಾಡಿ ದಾರಿ, ಅದೂ ಮೊದಲೇ ಫೋನ್ ಮಾಡಿ ಕೇಳಿ. ಮೀಸಲು ಅರಣ್ಯದೊಳಗೆ ಪರ್ಮಿಷನ್ ಇಲ್ದೆ ಗಾಡಿ ನುಗ್ಗಿಸೋದು ಅಪರಾಧ, ಹೆಬ್ಬೆ ಜಲಪಾತಕ್ಕೆ ಸ್ವಂತ ಗಾಡಿ ಬಿಡದೇ ಅಲ್ಲಿನ ಜೀಪಲ್ಲೇ ಕಳ್ಸೋದಕ್ಕೂ ಅರ್ಥ ಇದೆ. ಮುಳ್ಳಯ್ಯನಗಿರಿ 1930 ಮೀಟರ್, ಅದರ ಸುತ್ತಿನ ಬಾಬಾಬುಡನ್‌ಗಿರಿ ಸಾಲಿನ ಹುಲ್ಲುಗಾವಲು ನೋಡೋಕೆ ಖಾಲಿ ಬಯಲು ಅನ್ಸುತ್ತೆ, ಗಾಡಿ ಹತ್ತಿಸೋಣ ಅನ್ಸುತ್ತೆ. ಒಂದ್ಸಲ ಟೈರ್ ಹುಲ್ಲು ಕಿತ್ತು ಗೆರೆ ಎಳೆದ್ರೆ ಮುಂದಿನ ಮಳೆಗಾಲದಲ್ಲಿ ನೀರು ಅದೇ ಗೆರೇಲಿ ಹರಿದು, ಇನ್ನೊಂದು ಮಳೆಗಾಲಕ್ಕೆ ಅದು ಕೊರಕಲು ಆಗುತ್ತೆ. ನಾನು ಕಣ್ಣಾರೆ ಕಂಡಿರೋ ಒಂದು ಕೊರಕಲಲ್ಲಿ ಈಗ ಆಳು ನಿಂತ್ರೆ ಸೊಂಟ ಮುಚ್ಚುತ್ತೆ. ಆ ಕಡೆ ಗಾಡಿ ತಿರುಗಿಸೋಕೆ ನನಗೆ ಮನಸ್ಸೇ ಬರಲ್ಲ. ಸಕಲೇಶಪುರ, ಆಲೂರು ಕಡೆ ಆದ್ರೆ ಆನೆ. ಬೆಳಿಗ್ಗೆ ಯಾವ ತೋಟದಲ್ಲಿ ಆನೆ ಇದೆ ಅಂತ ಮೆಸೇಜ್ ನೋಡ್ದೆ ಹೊರಡಲ್ಲ, ಸಂಜೆ ಐದಕ್ಕೆ ಎಲ್ಲಿದ್ರೂ ಡಾಂಬರಿಗೆ ಬಂದಿರ್ಬೇಕು. ಬಟ್ಟೆ ಟಾಪಿನ ಗಾಡಿ, ಅದರಲ್ಲಿ ಮಗಳು ಇರ್ತಾಳೆ.

ಈಗ ಒಂದು ವರ್ಷ ಆಗ್ತಾ ಬಂತು. ಪೆಟ್ರೋಲ್ ಲೀಟರಿಗೆ ಹತ್ತು ಕೊಟ್ರೆ ಹೆಚ್ಚು, ಬೇಸಿಗೇಲಿ ಸೆಕೆ, ಮಳೇಲಿ ಬಾಗಿಲ ಸಂದೀಲಿ ನೀರು, ಹೈವೇಲಿ ಲಾರಿ ಪಕ್ಕ ಬಂದ್ರೆ ಮಾತು ಕೇಳಲ್ಲ. ಇಷ್ಟೆಲ್ಲಾ ಇದ್ದೂ ಸೋಮವಾರ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಒಂದು ದಿನವೂ ನನ್ನ ಕೈ ಬಿಟ್ಟಿಲ್ಲ. ಹಿಂದಿನ ಡಿಫ್‌ಗೆ ಲಾಕರ್ ಹಾಕ್ಸೋದಾ ಬೇಡ್ವಾ ಅಂತ ಮಾತ್ರ ಇನ್ನೂ ಯೋಚಿಸ್ತಿದ್ದೀನಿ. ಆ ಹಲಸಿನ ಬೇರಿನ ತಿರುವಲ್ಲಿ ಮುಂದಿನ ಎಡಚಕ್ರ, ಹಿಂದಿನ ಬಲಚಕ್ರ ಎರಡೂ ಒಟ್ಟಿಗೆ ಗಾಳಿಗೆ ಏಳುತ್ತೆ, ಶಕ್ತಿ ಎಲ್ಲಾ ಆ ಎರಡು ಸುಲಭದ ಚಕ್ರಕ್ಕೇ ಹೋಗಿ ಗಾಡಿ ನಿಂತ್ಬಿಡುತ್ತೆ. ಸದ್ಯಕ್ಕೆ ಇಳಿದು ಎರಡು ಕಲ್ಲು ಇಟ್ಟು ಹತ್ತಿಸ್ತೀನಿ.

ಹೋದ ಭಾನುವಾರ ಹಾಗೇ ಕಲ್ಲು ಇಡ್ತಿದ್ದಾಗ ಚಿಕ್ಕಪ್ಪ ಮೇಲಿನಿಂದ ನಡ್ಕೊಂಡು ಬಂದ್ರು, ಸ್ವಲ್ಪ ಹೊತ್ತು ನೋಡಿದ್ರು, ಏನೂ ಹೇಳ್ಲಿಲ್ಲ. ಸಂಜೆ ನಾವು ಹೊರಡೋ ಹೊತ್ತಿಗೆ ಕಣದ ಪಕ್ಕದ ಶೆಡ್‌ನಿಂದ ಆ ಗೋಣಿಚೀಲ ಎಳ್ಕೊಂಡು ಬಂದು ಗಾಡಿ ಹಿಂದೆ ಇಟ್ರು, "ನನ್ ಜೀಪು ಇನ್ನೆಲ್ಲಿ ಗುಡ್ಡ ಹತ್ತುತ್ತೆ, ತಗೊಂಡೋಗು" ಅಂದ್ರು. ಮನೇಲಿ ಬಿಚ್ಚಿ ಹಾಸಿ ನೋಡ್ದೆ, ಕೊಂಡಿಗಳಿಗೆ ಆಯಿಲ್ ಹಚ್ಚಿ ಇಟ್ಟಿದ್ರು, ಒಂದಕ್ಕೂ ತುಕ್ಕಿಲ್ಲ. ಜೀಪಿನ ಟೈರ್ ನಂದಕ್ಕಿಂತ ಎತ್ತರ, ಹಾಗಾಗಿ ಚೈನು ಸಡಿಲ ಆಗುತ್ತೆ. ಜೂನ್‌ಗೆ ಮುಂಚೆ ವೆಲ್ಡಿಂಗ್ ಶಾಪಲ್ಲಿ ಎರಡೂ ಕಡೆ ಎರಡೆರಡು ಕೊಂಡಿ ತೆಗೆಸ್ಬೇಕು.